ಒದ್ದೆ ಹಿತ್ತಲಿಗೆ ಕೊನ್ನಾರಿ

ಬಚ್ಚಲ ನೀರು ಹರಿದು ಸದಾ ತೇವವಾಗಿರುವ ಹಿತ್ತಲ ಮೂಲೆಯಲ್ಲಿ ಏನು ಬೆಳೆಸಬಹುದೆಂದು ಹಲವರು ಕೇಳುತ್ತಾರೆ. ಬಿಸಿಲು ಬೀಳುವ ಜಾಗವಾದರೆ ಕೊನ್ನಾರಿ ಗೆಡ್ಡೆ ಹೊಂದುತ್ತದೆ. ಭದ್ರಮುಷ್ಟಿ, ತುಂಗೆಗಡ್ಡೆ, ಜೇಕು ಎಂದೆಲ್ಲ ಕರೆಯುವುದು ಇದನ್ನೇ. ನೋಡಲು ಹುಲ್ಲಿನಂತಿದ್ದರೂ ಇದು ಹುಲ್ಲಲ್ಲ. ಹೂದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣು ಕೈಗೆ ಸಿಗುತ್ತವೆ. ಗೆಡ್ಡೆ ಮುರಿದರೆ ಪರಿಮಳ.

ನೇರ ನೆಲಕ್ಕೆ ಮಾತ್ರ ನೆಡಬೇಡಿ. ಜೇಕಿನ ಹೆಸರೆತ್ತಿದರೆ ರೈತರು ಹಣೆ ಚಚ್ಚಿಕೊಳ್ಳುತ್ತಾರೆ. ಎಲೆ ಕಿತ್ತರೂ ಒಳಗುಳಿದ ಗೆಡ್ಡೆ ಮತ್ತೆ ಚಿಗುರುತ್ತದೆ. ತಳದಲ್ಲಿ ತೂತಿರುವ ಸಿಮೆಂಟ್ ಕುಂಡವನ್ನು, ಅಂಚು ನಾಲ್ಕು ಬೆರಳು ಮೇಲಿರುವಂತೆ ಹೂಳಿ. ತೂತಿನ ಮೇಲೆ ಹೆಂಚಿನ ಚೂರಿಟ್ಟು ಮಣ್ಣು ತುಂಬಿ, ಗೆಡ್ಡೆಗಳನ್ನು ಎರಡು ಅಂಗುಲ ಆಳಕ್ಕೆ ಊರಿ.

ಗಿಡ ನೆಟ್ಟರೆ ಸೊಳ್ಳೆ ಹೋಗುತ್ತದೆಂದು ನಂಬಿ ಕೂರಬೇಡಿ. ಮಣ್ಣು ತೇವವಾಗಿರಲಿ, ನೀರು ನಿಲ್ಲದಿರಲಿ. ನಿಂತ ಕೊಳಚೆಯಲ್ಲಿ ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಪಕ್ಕದಲ್ಲಿ ಮರೆತ ಬಕೆಟಿನ ತಿಳಿನೀರಿನಲ್ಲಿ ಡೆಂಗಿ ಹರಡುವ ಈಡಿಸ್. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಕಾಲುವೆಯ ಕಸ ತೆಗೆದು ನೀರು ಹರಿಯಬಿಡಿ, ಬಕೆಟು ಬೋರಲು ಹಾಕಿ. ಬರಿಗಾಲಲ್ಲಿ ಅಲ್ಲಿ ಇಳಿಯಬೇಡಿ. ಒದ್ದೆ ಮಣ್ಣಿನಿಂದ ಕೊಕ್ಕೆಹುಳು ಪಾದದ ಚರ್ಮದ ಮೂಲಕ ಒಳಸೇರಬಹುದು. ಇಲಿ ಮೂತ್ರ ಬಿದ್ದ ನೀರಾದರೆ ಕಾಲಿನ ಗಾಯದಿಂದ ಇಲಿಜ್ವರ ಬರಬಹುದು.

ಇನ್ನು ಔಷಧದ ಮಾತು. ಆಯುರ್ವೇದದಲ್ಲಿ ಇದರ ಹೆಸರು ಮುಸ್ತಾ. ಜ್ವರಕ್ಕೆ ಕೊಡುವ ಷಡಂಗ ಪಾನೀಯದ ಆರು ವಸ್ತುಗಳಲ್ಲಿ ಇದೂ ಒಂದು. ಭೇದಿಗೂ ಅಜ್ಜಿಯರು ಇದನ್ನು ತೇಯ್ದು ಕೊಡುವುದುಂಟು. ಆದರೆ ಬಚ್ಚಲ ನೀರು ಕುಡಿದು ಬೆಳೆದ ಗೆಡ್ಡೆ ಬಾಯಿಗೆ ಬೇಡವೇ ಬೇಡ. ಭೇದಿಯಾದ ಮಗುವಿಗೆ ಮೊದಲು ಬೇಕಾದದ್ದು ಕಳೆದುಹೋದ ನೀರು, ಉಪ್ಪು. ಓ.ಆರ್.ಎಸ್. ಪೊಟ್ಟಣ ತನ್ನಿ. ಅದು ಕೈಗೆ ಸಿಗುವವರೆಗೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ಹೆಚ್ಚಾದರೆ ಅಪಾಯ, ಅಳತೆ ಕೈಯಂದಾಜಿನದಾಗಬಾರದು. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲು ಒಲ್ಲದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.