ಬಿಟ್ಟುಹೋದ ಪದಕ: ಪತ್ರಲೇಖನದ ಒಂದು ಪಾಠ

ಒಂಬತ್ತನೆಯ ಇಯತ್ತೆಗೆ ಪತ್ರಲೇಖನವನ್ನು ಕಲಿಸುವಾಗ ನಾವು ಬಹುಕಾಲ ಎರಡೇ ಮಾದರಿಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದೆವು. ಒಂದು, ಜ್ವರ ಬಂದುದರಿಂದ ರಜೆ ಬೇಡುವ ಪತ್ರ. ಇನ್ನೊಂದು, ಚಾಳಿನಲ್ಲಿ ನೀರು ಬಾರದುದಕ್ಕಾಗಿ ನಗರಪಾಲಿಕೆಗೆ ಮನವಿ. ವಿದ್ಯಾರ್ಥಿಗಳು ಇವೆರಡನ್ನೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುವರು. ಅಂಚೆಗೆ ಹಾಕಿದವರನ್ನು ನಾವು ಕಂಡಿಲ್ಲ. ಆದರೆ ಒಂದು ವರ್ಷ ನಮ್ಮ ತರಗತಿಯಲ್ಲಿ ಸಿದ್ಧವಾದ ಅರ್ಜಿಯೊಂದು ನಿಜವಾಗಿಯೂ ಅಂಚೆಗೆ ಹೋಯಿತು. ಅದರ ವೃತ್ತಾಂತವನ್ನು ವಿದ್ಯಾರ್ಥಿಮಿತ್ರರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಒಂದು ದಿನ ಕುರ್ಲಾದ ಕಡೆಯಿಂದ ಬರುವ ಹುಡುಗನೊಬ್ಬನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹಳೆಯ ಪುಸ್ತಕವೊಂದನ್ನು ನಮ್ಮ ಮೇಜಿನ ಮೇಲಿಟ್ಟನು. ಅದು ಅವನ ಅಜ್ಜನ ಬಿಡುಗಡೆ ಪುಸ್ತಕ. ದಂಡಿನಿಂದ ನಿವೃತ್ತರಾದಾಗ ಸಿಪಾಯಿಗಳಿಗೆ ಕೊಡತಕ್ಕದ್ದು. ಅಜ್ಜ ೧೯೭೧ರ ಯುದ್ಧಕಾಲದಲ್ಲಿ ಪೂರ್ವ ರಂಗದಲ್ಲಿ ಲಾರಿ ನಡೆಸಿದವರು. (ಅವರ ಹೆಸರಾಗಲಿ ದಳದ ಹೆಸರಾಗಲಿ ಇಲ್ಲಿ ಬೇಡ, ಅವರೇ ಬೇಡವೆಂದಿದ್ದಾರೆ.) ಪದಕಗಳ ಪುಟದಲ್ಲಿ ಎರಡೇ ಸಾಲುಗಳಿದ್ದವು: ಸಂಗ್ರಾಮ ಪದಕ, ಸ್ವಾತಂತ್ರ್ಯದ ಇಪ್ಪತ್ತೈದನೆಯ ವಾರ್ಷಿಕೋತ್ಸವದ ಪದಕ. ಪೂರ್ವೀ ತಾರೆ ಇರಲಿಲ್ಲ. "ಸರ್, ಅಜ್ಜನ ಜೊತೆ ಇದ್ದವರಿಗೆಲ್ಲ ಅದು ಬಂದಿದೆಯಂತೆ. ಇವರಿಗೆ ಯಾಕೆ ಬರಲಿಲ್ಲ?" ಎಂದು ಹುಡುಗ ಕೇಳಿದನು.

ಈ ಪ್ರಶ್ನೆಗೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಮೆಟ್ರಿಕ್ಕಿನವರೆಗೆ ಕನ್ನಡದಲ್ಲಿ ಓದಿ, ಊರು ಬಿಟ್ಟು ಮುಂಬಯಿಗೆ ಬಂದ ಕನ್ನಡ ಮಾಸ್ತರರಿಗೆ ದಂಡಿನ ಕಾಗದಪತ್ರಗಳ ಪರಿಚಯ ಎಲ್ಲಿಂದ ಬರಬೇಕು? ಕೇಳಿ, ಓದಿ, ತಿಳಿದವರ ಬಳಿಗೆ ಹೋಗಿ ಕಲಿತುಕೊಂಡೆವು.

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಪದಕಗಳಲ್ಲಿ ಎರಡು ಜಾತಿಗಳುಂಟು. ಶೌರ್ಯಕ್ಕಾಗಿ ಕೊಡುವ ಪದಕವು ಒಬ್ಬ ವ್ಯಕ್ತಿಯ ಒಂದು ಕಾರ್ಯಕ್ಕೆ ಸಲ್ಲುವುದು. ಆ ವ್ಯಕ್ತಿಯ ಹೆಸರು ಭಾರತದ ರಾಜಪತ್ರದಲ್ಲಿ ಅಚ್ಚಾಗುವುದು. ಯುದ್ಧಸೇವೆಯ ಪದಕವಾದರೋ ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಪ್ರದೇಶದಲ್ಲಿ ಸೇವೆಯಲ್ಲಿದ್ದವರೆಲ್ಲರಿಗೂ ಸಲ್ಲುವುದು. ೧೯೭೧ರ ಡಿಸೆಂಬರ್ ೩ರಿಂದ ೧೬ರವರೆಗೆ ಪೂರ್ವ ರಂಗದಲ್ಲಿದ್ದವರಿಗೆ ಪೂರ್ವೀ ತಾರೆ, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮೀ ತಾರೆ. ಇಷ್ಟು ಸಾವಿರ ಹೆಸರುಗಳನ್ನು ರಾಜಪತ್ರದಲ್ಲಿ ಅಚ್ಚು ಹಾಕುವುದಿಲ್ಲ. ದಳದ ಗುಮಾಸ್ತರು ಪಟ್ಟಿ ಬರೆಯುವರು. 'ಪಾರ್ಟ್ ಟೂ ಆರ್ಡರ್' ಎಂದು ದಂಡಿನವರು ಕರೆಯುವ ಆಜ್ಞಾಪತ್ರದಲ್ಲಿ ಅದು ನಮೂದಾಗುವುದು. ಅದನ್ನು ನೋಡಿ ದಾಖಲೆ ಕಚೇರಿಯವರು ಸಿಪಾಯಿಯ ಹಾಳೆಯಲ್ಲಿ ಏರಿಸುವರು. ಮೂರು ಕೈಗಳು, ಮೂರು ಬರವಣಿಗೆಗಳು. ಒಂದು ಕೈ ತಪ್ಪಿದರೆ ಸಾಲು ಬಿಟ್ಟುಹೋಗುವುದು.

ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಪದಕವು ಯುದ್ಧದ ದಿನವೇ ಹುಟ್ಟುವುದಿಲ್ಲ. ಎಷ್ಟೋ ಸಲ ಯುದ್ಧ ಮುಗಿದ ಬಳಿಕ ಸ್ಥಾಪಿತವಾಗುತ್ತದೆ. ಕಾರವಾರ ಸೀಮೆಯ ಚೆಂಡಿಯಾದ ಮನೆತನದ ರಾಮ ರಾಘೋಬ ರಾಣೆಯವರ ಉದಾಹರಣೆಯನ್ನು ನೋಡಿರಿ. ಬಾಂಬೆ ಸ್ಯಾಪರ್ಸ್ ಎಂಬ ಎಂಜಿನಿಯರ್ ದಳದ ಈ ವೀರರು ೧೯೪೮ರ ಏಪ್ರಿಲಿನಲ್ಲಿ ಕಾಶ್ಮೀರದ ನೌಶೇರಾ–ರಾಜೌರಿ ಮಾರ್ಗದಲ್ಲಿ, ಗುಂಡಿನ ಮಳೆಯ ನಡುವೆ, ನೆಲಸಿಡಿಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಅವರಿಗೆ ದೊರೆತ ಪರಮವೀರ ಚಕ್ರವು ಆಗಿನ್ನೂ ಜನ್ಮವನ್ನೇ ತಾಳಿರಲಿಲ್ಲ! ಅದು ಸ್ಥಾಪಿತವಾದುದು ೧೯೫೦ರ ಜನವರಿ ೨೬ರಂದು. ೧೯೪೭ರ ಆಗಸ್ಟ್ ೧೫ರಿಂದಲೇ ಅನ್ವಯಿಸುವಂತೆ. ರಾಣೆಯವರು ಬದುಕಿದ್ದು, ದಂಡಿನಲ್ಲಿಯೇ ಇದ್ದುದರಿಂದ ಪದಕವು ಅವರನ್ನು ಹುಡುಕಿಕೊಂಡು ಬಂದಿತು. ಅವರ ಹೆಸರು ಐದು ಬಾರಿ ಸೇನಾ ವರದಿಗಳಲ್ಲಿ ಪ್ರಶಂಸೆಗೆ ಪಾತ್ರವಾಗಿತ್ತು. ಇಂಥ ಪ್ರಶಂಸೆಗೆ ಬೇರೆ ಪದಕವೇ ಇಲ್ಲ. ಪದಕದ ಪಟ್ಟಿಯ ಮೇಲೆ ಒಂದು ಚಿಕ್ಕ ಎಲೆಯ ಲಾಂಛನವನ್ನು ಸಿಕ್ಕಿಸುತ್ತಾರೆ, ಅಷ್ಟೆ. ಪರಮವೀರ ಚಕ್ರವನ್ನು ಯಾರೂ ಮರೆಯುವುದಿಲ್ಲ. ಆದರೆ ಸಾಮಾನ್ಯ ಸಿಪಾಯಿಯ ಒಂದು ಎಲೆಯನ್ನು, ಒಂದು ತಾರೆಯನ್ನು ಮರೆಯುವುದು ಬಹು ಸುಲಭ. ಪಟ್ಟಿ ತಯಾರಾಗುವ ಹೊತ್ತಿಗೆ ಆ ಸಿಪಾಯಿ ಆಸ್ಪತ್ರೆಯಲ್ಲಿರಬಹುದು, ಬೇರೆ ದಳಕ್ಕೆ ವರ್ಗವಾಗಿರಬಹುದು, ಪೆನ್ಷನ್ ಪಡೆದು ಹೊಲ ಉಳುತ್ತಿರಬಹುದು.

ನಮ್ಮ ಹುಡುಗನ ಅಜ್ಜನ ವಿಷಯದಲ್ಲಿ ಆದುದೂ ಹೀಗೆಯೇ. ಡಿಸೆಂಬರಿನ ಎರಡನೆಯ ವಾರದಲ್ಲಿ ಅವರ ಲಾರಿ ಉರುಳಿ ಕಾಲು ಮುರಿಯಿತು. ಸೈನಿಕ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಮಲಗಿ ಎದ್ದವರನ್ನು ಇನ್ನೊಂದು ದಳಕ್ಕೆ ಕಳುಹಿಸಿದರು. ಹಳೆಯ ದಳವು 'ಇವರು ಈಗ ನಮ್ಮವರಲ್ಲ' ಎಂದು ಬಿಟ್ಟಿರಬೇಕು. ಹೊಸ ದಳವು 'ಆಗ ಇವರು ನಮ್ಮಲ್ಲಿರಲಿಲ್ಲ' ಎಂದು ಬಿಟ್ಟಿರಬೇಕು.

ದಾಖಲೆಗಳು ಎಲ್ಲಿರುತ್ತವೆ ಎಂಬುದನ್ನೂ ತಿಳಿದಿರಬೇಕು. ಎಲ್ಲವೂ ದಿಲ್ಲಿಯಲ್ಲಿರುತ್ತವೆಂದು ಬಹು ಮಂದಿ ಎಣಿಸುತ್ತಾರೆ. ಹಾಗಲ್ಲ; ಪ್ರತಿಯೊಂದು ರೆಜಿಮೆಂಟಿಗೂ ತನ್ನ ದಾಖಲೆ ಕಚೇರಿಯುಂಟು. ಮರಾಠಾ ಲಘು ಪದಾತಿದಳದ್ದು ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರರದ್ದು ಬೆಂಗಳೂರಿನಲ್ಲಿ, ಬಾಂಬೆ ಎಂಜಿನಿಯರರದ್ದು ಪುಣೆಯ ಖಡಕಿಯಲ್ಲಿ, ತೋಪಿನ ದಳದ್ದು ನಾಸಿಕ್ ರೋಡಿನಲ್ಲಿ. ನೌಕಾಪಡೆಯ ನಾವಿಕರ ದಾಖಲೆಗಳಾದರೆ ನಮ್ಮ ಹಾರ್ಬರ್ ಮಾರ್ಗದ ಮಾನ್‌ಖುರ್ದಿನಲ್ಲಿಯೇ, ಚೀತಾ ಕ್ಯಾಂಪಿನ ನಾವಿಕರ ಬ್ಯೂರೋದಲ್ಲಿವೆ. ದಾರಿ ತೋರಿಸಲು ಮುಂಬಯಿ ನಗರಕ್ಕೂ ಉಪನಗರಕ್ಕೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳಿವೆ. ಅರ್ಜಿಗೆ ಉತ್ತರವೇ ಬಾರದಿದ್ದರೆ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯುಂಟು. ಅದಕ್ಕೂ ಮೀರಿದರೆ ೨೦೦೭ರ ಕಾಯಿದೆಯಂತೆ ಏರ್ಪಟ್ಟ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯುಂಟು. ಈ ಮಂಡಳಿಗೆ ಹೋದವರು ಬಡ ಸಿಪಾಯಿಗಳು ಮಾತ್ರವಲ್ಲ. ಕಾರ್ಗಿಲ್ ಯುದ್ಧದಲ್ಲಿ ಬಟಾಲಿಕ್ ಭಾಗದ ಬ್ರಿಗೇಡನ್ನು ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗರು ತಮ್ಮ ಕಾರ್ಯವನ್ನು ವರದಿಯಲ್ಲಿ ಸರಿಯಾಗಿ ಬರೆದಿಲ್ಲವೆಂದು ಮೊರೆಯಿಟ್ಟಾಗ, ೨೦೧೦ರಲ್ಲಿ ಮಂಡಳಿಯು ಆ ದಾಖಲೆಯನ್ನು ತಿದ್ದುವಂತೆ ಆಜ್ಞಾಪಿಸಿತು.

ಬೇರೆ ದೇಶಗಳಲ್ಲಿ ಇನ್ನೂ ದೊಡ್ಡ ಅನಾಹುತಗಳಾಗಿವೆ. ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳ ಸೇವಾಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ೧೯೪೦ರಲ್ಲಿ ಲಂಡನ್ನಿನ ಮೇಲೆ ಬಿದ್ದ ಜರ್ಮನ್ ಬಾಂಬುಗಳಿಂದ ಸುಟ್ಟುಹೋದವು. ಅಮೆರಿಕೆಯ ಸೇಂಟ್ ಲೂಯಿಸ್ ನಗರದ ದಾಖಲೆ ಭವನಕ್ಕೆ ೧೯೭೩ರ ಜುಲೈ ೧೨ರಂದು ಬೆಂಕಿ ಬಿದ್ದು ೧೬೦ ಲಕ್ಷಕ್ಕೂ ಮೇಲ್ಪಟ್ಟು ಕಡತಗಳು ನಾಶವಾದವು. ಆ ಬಳಿಕ ಅಲ್ಲಿಯ ಮುದುಕರು ತಮ್ಮ ಪೆಟ್ಟಿಗೆಗಳಲ್ಲಿದ್ದ ಹಳೆಯ ಆದೇಶ, ಆಸ್ಪತ್ರೆಯ ಚೀಟಿಗಳನ್ನೇ ಸಾಕ್ಷಿಯಾಗಿ ಒಪ್ಪಿಸಬೇಕಾಯಿತು. ಆದುದರಿಂದ ಮನೆಯಲ್ಲಿ ಅಜ್ಜ-ಮುತ್ತಜ್ಜರ ಕಾಗದಗಳಿದ್ದರೆ ರದ್ದಿಯವನಿಗೆ ಕೊಡಬೇಡಿರಿ.

ಇನ್ನು ಅರ್ಜಿಯ ವಿಷಯ. ಹುಡುಗನು ಮೊದಲು ಬರೆದು ತಂದ ಕರಡು ಹೀಗೆ ಆರಂಭವಾಗಿತ್ತು: "ರಣರಂಗದಲ್ಲಿ ಸಿಂಹದಂತೆ ಗರ್ಜಿಸಿ, ತಾಯ್ನಾಡಿಗಾಗಿ ರಕ್ತವನ್ನು ಹರಿಸಿದ ನಮ್ಮ ಪೂಜ್ಯ ಅಜ್ಜನವರು..." ನಾವು ಕೆಂಪು ಮಸಿಯಿಂದ ಸಿಂಹವನ್ನು ಹೊಡೆದುಹಾಕಿದೆವು. ಹುಡುಗನ ಮೋರೆ ಬಾಡಿತು. ನಿಬಂಧದಲ್ಲಿ ಅಲಂಕಾರಕ್ಕೆ ಅಂಕ ಕೊಡುವವರೂ ನಾವೇ, ಇಲ್ಲಿ ಅಳಿಸುವವರೂ ನಾವೇ! ಆದರೆ ಕಚೇರಿಯಲ್ಲಿ ಕುಳಿತ ಗುಮಾಸ್ತರಿಗೆ ಸಿಂಹದಿಂದ ಉಪಯೋಗವಿಲ್ಲ. ಅವರಿಗೆ ಬೇಕಾದುದು ಸೈನಿಕ ಸಂಖ್ಯೆ, ದರ್ಜೆ, ದಾಖಲೆಯಲ್ಲಿರುವಂತೆಯೇ ಹೆಸರು, ಸೇರಿದ ಮತ್ತು ಬಿಡುಗಡೆಯಾದ ದಿನಾಂಕ, ಆಗಿನ ದಳ, ಯಾವ ದಿನಗಳಲ್ಲಿ ಎಲ್ಲಿದ್ದರು ಎಂಬ ಸಂಗತಿ, ಬಿಟ್ಟುಹೋದ ಪದಕದ ಹೆಸರು, ಆಧಾರಪತ್ರಗಳ ನಕಲು. ಮೂಲಪತ್ರವನ್ನು ಎಂದಿಗೂ ಕಳುಹಿಸಕೂಡದು. ಅಜ್ಜನ ಪೆಟ್ಟಿಗೆಯಲ್ಲಿ ಆಸ್ಪತ್ರೆಯ ಬಿಡುಗಡೆ ಚೀಟಿಯೊಂದಿತ್ತು. ಅದರಲ್ಲಿ ಹಳೆಯ ದಳದ ಹೆಸರೂ ದಿನಾಂಕವೂ ಸ್ಪಷ್ಟವಾಗಿದ್ದವು. ಅರ್ಜಿಯ ಪ್ರಾಣವೆಲ್ಲ ಆ ಚೀಟಿಯೇ.

ಹೆಸರಿನ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳಲೇಬೇಕು. ಇದು ಕನ್ನಡ ಮಾಸ್ತರರ ಸ್ವಂತ ನೋವೆಂದರೂ ಸರಿಯೆ. ನಮ್ಮ ಹೆಸರುಗಳು ಪರಭಾಷೆಯ ಗುಮಾಸ್ತರ ಕೈಯಲ್ಲಿ ಬಹಳ ಕಷ್ಟಪಡುತ್ತವೆ. ರೋಮನ್ ಲಿಪಿಯಲ್ಲಿ ಳಕಾರಕ್ಕೂ ಲಕಾರಕ್ಕೂ ಭೇದವಿಲ್ಲ. ಒತ್ತಕ್ಷರವು ಬರೆಯುವವರ ಮರ್ಜಿಯಂತೆ ಇರುತ್ತದೆ ಅಥವಾ ಇರುವುದಿಲ್ಲ. ತಂದೆಯ ಹೆಸರು ಅಡ್ಡಹೆಸರಾಗುತ್ತದೆ, ಊರಿನ ಹೆಸರು ತಂದೆಯ ಹೆಸರಾಗುತ್ತದೆ. ಅಜ್ಜನ ಹೆಸರಿನ ಕೊನೆಯ 'ಪ್ಪ' ಬಿಡುಗಡೆ ಪುಸ್ತಕದಲ್ಲಿ 'ಪ' ಆಗಿತ್ತು. ಆಧಾರ್ ಕಾರ್ಡಿನಲ್ಲಿ ಸರಿಯಾಗಿತ್ತು. ಸರಿಯಾಗಿರುವುದೇ ತೊಂದರೆಯಾಯಿತು! ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಬೇಕಾಯಿತು.

ಅರ್ಜಿಯನ್ನು ಓದಿ ಹೇಳಲು ಒಂದು ಭಾನುವಾರ ಅವರ ಮನೆಗೆ ಹೋದೆವು. ಹುಡುಗ ನಮಗೆ ಹೇಳದೆಯೇ ಕೊನೆಗೆ ಒಂದು ಸಾಲನ್ನು ಸೇರಿಸಿದ್ದನು: ಯುದ್ಧದಲ್ಲಿ ಕಾಲಿಗೆ ಪೆಟ್ಟಾದುದರಿಂದ ಗಾಯಾಳು ಪದಕವನ್ನೂ ಕೊಡಬೇಕು. ಅಜ್ಜ ಕೈಯೆತ್ತಿ ತಡೆದರು.

"ಮಾಸ್ತರ್ರ, ಅದನ್ನ ತಗೀರಿ. ಲಾರಿ ಉಳ್ಳಿ ಕಾಲ ಮುರದದ್ದು. ವೈರಿ ಗುಂಡು ನನಗ ತಾಗಿಲ್ಲ."

"ಅಜ್ಜಾ, ಯುದ್ಧದಾಗ ಆಗಿದ್ದಲ್ಲೇನು? ಯಾರು ನೋಡ್ಯಾರ?" ಎಂದನು ಹುಡುಗ.

"ನಾ ನೋಡೀನಲ್ಲೋ!" ಎಂದರು ಅಜ್ಜ.

ಗಾಯಾಳು ಪದಕವು ಶತ್ರುವಿನ ಕಾರ್ಯದಿಂದ ಆದ ಗಾಯಕ್ಕೆ ಮಾತ್ರ ಸಲ್ಲತಕ್ಕದ್ದು. ಸಾಲನ್ನು ತೆಗೆದೆವು. ಪೂರ್ವೀ ತಾರೆಯಿಂದ ಪೆನ್ಷನ್ನಿಗೆ ಒಂದು ರೂಪಾಯಿಯೂ ಕೂಡದೆಂಬುದನ್ನೂ ಆಗಲೇ ಹೇಳಿದೆವು. "ರೊಕ್ಕಕ್ಕ ಕೇಳೂದಿಲ್ರಿ. ಅಲ್ಲಿದ್ದೆ, ಅಲ್ಲಿದ್ದೆ ಅಂತ ಬರೀಲಿ, ಅಷ್ಟ," ಎಂದು ಅವರು ಅರ್ಜಿಯ ಕೆಳಗೆ ನಿಧಾನವಾಗಿ ಸಹಿ ಮಾಡಿದರು.

ಹುಡುಗನು ಕನ್ನಡದಲ್ಲಿ ಬರೆದುದನ್ನು ನಮ್ಮ ಇಂಗ್ಲಿಷ್ ಅಧ್ಯಾಪಕರು ಅವನಿಂದಲೇ ಇಂಗ್ಲಿಷಿಗೆ ಮಾಡಿಸಿದರು. ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿ, ಸ್ವೀಕೃತಿಯ ಚೀಟಿಯನ್ನು ಕಾದಿಟ್ಟೆವು. ನಾಲ್ಕು ತಿಂಗಳು ಉತ್ತರವಿಲ್ಲ. ನೆನಪಿನ ಪತ್ರ ಬರೆದೆವು. ಹೆಸರಿನ ವ್ಯತ್ಯಾಸದ ಬಗ್ಗೆ ಒಂದು ಪ್ರಶ್ನೆ ಬಂತು, ಪ್ರಮಾಣಪತ್ರ ಹೋಯಿತು. ಮತ್ತೆ ಮೌನ. ಹುಡುಗ ದಿನಾಲು ಕೇಳುವನು. ನಾವು ದಿನಾಲು ಒಂದೇ ಉತ್ತರ ಕೊಡುವೆವು.

ಹತ್ತನೆಯ ಇಯತ್ತೆಯ ಪೂರ್ವಪರೀಕ್ಷೆಗೆ ಮುಂಚೆ ಒಂದು ಲಕೋಟೆ ಬಂತು. ಒಳಗೆ ಒಂದೇ ಹಾಳೆ. ಅದರಲ್ಲಿ ಅರ್ಜಿದಾರರ ಸೇವಾದಾಖಲೆಯಲ್ಲಿ ಪೂರ್ವೀ ತಾರೆಯನ್ನು ನಮೂದಿಸಲಾಗಿದೆ ಎಂಬ ಒಂದೇ ಸಾಲು. ಅಜ್ಜ ಅದನ್ನು ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಹಾಳೆಯನ್ನು ಮೊಮ್ಮಗನ ಕೈಗೆ ಕೊಟ್ಟು ಒಂದು ಕಡೆ ಬೆರಳಿಟ್ಟು ತೋರಿಸಿದರು. ಹೆಸರಿನಲ್ಲಿ ಒಂದು ಪಕಾರ ಈಗಲೂ ಕಡಿಮೆಯೇ ಇದೆ. ಅದಕ್ಕಾಗಿ ಎರಡನೆಯ ಅರ್ಜಿಯನ್ನು ಹುಡುಗನು ಬರೆಯುತ್ತಿದ್ದಾನೆ, ನಮ್ಮ ಕೆಂಪು ಮಸಿಯ ಸಹಾಯವಿಲ್ಲದೆ.