120 ರೂಪಾಯಿ ಚೀಲದ ನಿಜವಾದ ಬೆಲೆ



ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಮನೆಯಲ್ಲಿ ನಾವು ಐದು ಜನ. ಅಬ್ಬಾ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಕೈಗೆ ಪೆಟ್ಟಾದ ಮೇಲೆ ಅವರಿಗೆ ವಾರಕ್ಕೆ ಮೂರೇ ದಿನ ಕೆಲಸ. ಮೊದಲು ತರಕಾರಿಗೆ ವಾರಕ್ಕೆ 300 ರೂಪಾಯಿ ಹೋಗುತ್ತಿತ್ತು. ಈಗ ಭಾನುವಾರ ಸಂತೆ ಮುಗಿಯುವ ಹೊತ್ತಿಗೆ ಹೋಗುತ್ತೇವೆ. ಒಬ್ಬ ವ್ಯಾಪಾರಿ ಉಳಿದ ತರಕಾರಿಯನ್ನೆಲ್ಲ ಚೀಲಕ್ಕೆ ತುಂಬಿ 120 ರೂಪಾಯಿಗೆ ಕೊಡುತ್ತಾರೆ. ನಾವು ಆರಿಸುವಂತಿಲ್ಲ. ನಾಳೆ ಬಾಡುವ ಸರಕನ್ನು ಬಾಡಿಗೆ ಕೊಟ್ಟು ವಾಪಸ್ ಒಯ್ಯುವುದಕ್ಕಿಂತ ಅವರಿಗೂ ಇದೇ ಲಾಭ.

ಮೊದಲ ವಾರ ಚೀಲ ತೂಗಿದೆ. 8 ಕೆ.ಜಿ. ಇತ್ತು, ಅಂದರೆ ಕೆ.ಜಿ.ಗೆ 15 ರೂಪಾಯಿ. "ಅಮ್ಮಿ, 180 ರೂಪಾಯಿ ಉಳಿಯಿತು!" ಎಂದು ಹಿಗ್ಗಿದೆ. "ಗುರುವಾರ ಲೆಕ್ಕ ಹೇಳು ಬೇಟಿ" ಎಂದರು ಅಮ್ಮಿ.

ಗುರುವಾರದ ಹೊತ್ತಿಗೆ ಸೊಪ್ಪು ಕೊಳೆತಿತ್ತು, ಟೊಮೆಟೊ ನೀರಾಗಿತ್ತು. 2 ಕೆ.ಜಿ. ಎಸೆದೆವು. ತಿಂದದ್ದು 6 ಕೆ.ಜಿ. ಮಾತ್ರ. ಆದ್ದರಿಂದ ನಿಜವಾದ ಬೆಲೆ ಕೆ.ಜಿ.ಗೆ 20 ರೂಪಾಯಿ. ಸಾಲದೆ ತಳ್ಳುಗಾಡಿಯಿಂದ ಮತ್ತೆ 70 ರೂಪಾಯಿಯ ತರಕಾರಿ ಕೊಂಡೆವು. ಒಟ್ಟು ಖರ್ಚು 190, ಉಳಿತಾಯ 110 ಮಾತ್ರ.

ಮೊದಲ ಪಾಠ: ಕೊಂಡ ತೂಕದಿಂದಲ್ಲ, ತಿಂದ ತೂಕದಿಂದ ಭಾಗಿಸಬೇಕು.

ಮೊದಲು ಬಂದ ಸರಕು ಮೊದಲು ಹೊರಗೆ ಹೋಗಬೇಕು ಎಂಬ ಲೆಕ್ಕಶಾಸ್ತ್ರದ ಕ್ರಮ ನಿಮಗೆ ಗೊತ್ತು. ಆದರೆ ಚೀಲದಲ್ಲಿ ಎಲ್ಲವೂ ಒಂದೇ ದಿನ ಬರುತ್ತದೆ. ಹಾಗಾಗಿ ಎರಡನೆಯ ಪಾಠ: ಮೊದಲು ಕೆಡುವುದು ಮೊದಲು ಒಲೆಗೆ. ಭಾನುವಾರ ರಾತ್ರಿಯೇ ದಾದಿ ಚೀಲ ಸುರಿದು ಮೂರು ಪಾಲು ಮಾಡುತ್ತಾರೆ.

ಸೋಮವಾರ, ಮಂಗಳವಾರ: ಸೊಪ್ಪು ಹಾಕಿದ ದಾಲ್, ಹಣ್ಣಾದ ಟೊಮೆಟೊದ ಖಟ್ಟಾ.
ಬುಧವಾರ, ಗುರುವಾರ: ಬೆಂಡೆ, ಬದನೆಯ ಸಾಲನ್.
ಶುಕ್ರವಾರದಿಂದ: ಸೋರೆಕಾಯಿ ದಾಲ್ಚಾ, ಕ್ಯಾರೆಟ್, ಕುಂಬಳ.

ಸೊಪ್ಪನ್ನು ತೊಳೆದು ಇಡಬಾರದು, ಒದ್ದೆಯಾದರೆ ಬೇಗ ಕೊಳೆಯುತ್ತದೆ. ಹಣ್ಣಾದ ಬಾಳೆಹಣ್ಣಿನ ಪಕ್ಕದಲ್ಲೂ ಇಡಬಾರದು. ಹಣ್ಣು ಬಿಡುವ ಎಥಿಲೀನ್ ಅನಿಲದಿಂದ ಸೊಪ್ಪು ಹಳದಿಯಾಗುತ್ತದೆ. ಒಂದು ವಾರ ಚೀಲದ ತುಂಬ ಬದನೆಯೇ ಬಂತು. ಮೂರನೆಯ ದಿನ ತಮ್ಮ ತಟ್ಟೆ ದೂಡಿದ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ನನಗೆ ಆಗ ಅರ್ಥವಾಯಿತು! ಅರ್ಧ ಬದನೆಯನ್ನು ಪಕ್ಕದ ಮನೆಗೆ ಕೊಟ್ಟು ಬೀಟ್‌ರೂಟ್ ತಂದೆವು.

ಈಗ ಎಸೆಯುವುದು ಅರ್ಧ ಕೆ.ಜಿ. ಮಾತ್ರ. ಕೊತ್ತಂಬರಿ, ನಿಂಬೆಗೆ 20 ರೂಪಾಯಿ ಸೇರಿ ಒಟ್ಟು ಖರ್ಚು 140. ಉಳಿತಾಯ 160.

ಇಲ್ಲಿಗೆ ಲೆಕ್ಕ ಮುಗಿಯಿತೆಂದುಕೊಂಡಿದ್ದೆ. ಏಳೂವರೆ ಕೆ.ಜಿ.ಯನ್ನು ಐದು ಜನರಿಗೆ, ಏಳು ದಿನಕ್ಕೆ ಭಾಗಿಸಿದೆ. ತಲೆಗೆ ದಿನಕ್ಕೆ ಸುಮಾರು 214 ಗ್ರಾಂ ಬಂತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕೆನ್ನುತ್ತದೆ. ನಮ್ಮದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದೂ ಸರಾಸರಿ. ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರುವ ಅಮ್ಮಿಯ ತಟ್ಟೆಯನ್ನು ಅಂದು ನೋಡಿದೆ. ಅನ್ನ, ಬರೀ ತಿಳಿ ಸಾರು. ಸರಾಸರಿ ಅವರ ತಟ್ಟೆಗೆ ಬಂದೇ ಇರಲಿಲ್ಲ.

ಉಳಿದ ಹಣದಲ್ಲಿ ಗೈಡ್ ಕೊಳ್ಳಬೇಕೆಂದಿದ್ದೆ. ಈಗ ಅದರಲ್ಲಿ ಬಾಳೆಹಣ್ಣು, ಬೇಳೆ, ಮೊಟ್ಟೆ ಬರುತ್ತವೆ. ಬಿಟ್ಟ ಗೈಡೇ ಇದರ ಅವಕಾಶ ವೆಚ್ಚ. ಗೈಡ್ ಲೈಬ್ರರಿಯಲ್ಲಿ ಸಿಗುತ್ತದೆ. ಬಡಿಸುವ ಮೊದಲೇ ಅಮ್ಮಿಯ ಪಾಲನ್ನು ನಾನು ಬೇರೆ ಬಟ್ಟಲಲ್ಲಿ ತೆಗೆದಿಡುತ್ತೇನೆ.

ನೀವೂ ಒಂದು ವಾರ ಮನೆಯ ಲೆಕ್ಕ ಬರೆದು ನೋಡಿ. ಕೊನೆಗೆ ಯಾರು ಊಟಕ್ಕೆ ಕೂರುತ್ತಾರೆ ಎಂಬುದನ್ನೂ ಬರೆಯಿರಿ.