ಗೊಣ್ಣೆಹುಳದ ಮೇಲಿನ ಹಸಿರು ಬೂಷ್ಟು: ಅದರ ಲಾಭವೂ ವೆಚ್ಚವೂ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಹೊಲಗಳಲ್ಲಿ ಶ್ರಾವಣ ಭಾದ್ರಪದಗಳ ಸುಮಾರಿಗೆ ಕಬ್ಬು ಹಳದಿಯಾಗಿ ಒಣಗುವದನ್ನೂ, ಹಿಡಿದೆಳೆದರೆ ಬುಡಸಹಿತ ಕಿತ್ತುಬರುವದನ್ನೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಜಮೀನುದಾರರು ಬಲ್ಲರು. ಬುಡವನ್ನು ಅಗೆದರೆ ಬಿಲ್ಲಿನಂತೆ ಬಾಗಿದ, ಕಂದು ತಲೆಯ ಬಿಳಿಯ ಹುಳು ಸಿಕ್ಕುತ್ತದೆ. ಇದೇ ಗೊಣ್ಣೆಹುಳು, ಗಡಿಯ ಹಳ್ಳಿಗಳಲ್ಲಿ ಹುಮಣಿ ಎನ್ನುವರು. ಹೀಗೆ ಅಗೆಯುವಾಗ ಸತ್ತು ಗಟ್ಟಿಯಾದ, ಮೈಮೇಲೆ ಹಸಿರು ಪುಡಿ ಬಳಿದಂತಿರುವ ಹುಳುಗಳೂ ಒಮ್ಮೊಮ್ಮೆ ದೊರೆಯುವವು. ಅವುಗಳನ್ನು ಅಸಹ್ಯಪಟ್ಟು ಹೊಲದ ಹೊರಗೆ ಎಸೆಯಬಾರದು.

ಆ ಪುಡಿಯು ಮೆಟಾರೈಜಿಯಂ ಎಂಬ ಶಿಲೀಂಧ್ರದ ಬೀಜಕಣಗಳ ರಾಶಿ. ಹುಳು ಇದನ್ನು ತಿನ್ನಬೇಕೆಂದಿಲ್ಲ. ಮೈಗೆ ತಗಲಿದರೆ ಸಾಕು. ತೇವವಿದ್ದಲ್ಲಿ ಕಣವು ಮೊಳೆತು, ಚರ್ಮವನ್ನು ಕೊರೆದು, ಒಳಹೊಕ್ಕು ಬೆಳೆದು ಹುಳವನ್ನು ಕೊಲ್ಲುತ್ತದೆ. 1879ರಲ್ಲಿ ಮೆಚ್ನಿಕಾಫ್ ಎಂಬ ಪಂಡಿತನು ಒಡೆಸ್ಸಾ ಪ್ರಾಂತದಲ್ಲಿ ಗೋದಿಯ ಪೀಕನ್ನು ಕೆಡಿಸುವ ದುಂಬಿಯ ಹುಳುಗಳಲ್ಲಿ ಇದನ್ನು ಗುರುತಿಸಿ, ಪೀಕಿನ ರಕ್ಷಣೆಗೆ ಬಳಸಬಹುದೆಂದು ತೋರಿಸಿದನು.

ಇದಕ್ಕಿಂತ ವಿಸ್ಮಯದ ಸಂಗತಿಯೊಂದುಂಟು. ಈ ಬೂಷ್ಟು ಹುಳದ ಮೇಲೆ ಮಾತ್ರವಲ್ಲ, ಸಸ್ಯದ ಬೇರಿನಲ್ಲಿಯೂ ವಾಸಿಸುತ್ತದೆ. ಸತ್ತ ಹುಳದ ಸಾರಜನಕವನ್ನು ಎಳೆದು ಬೇರಿಗೆ ಉಣಿಸುತ್ತದೆಂಬುದನ್ನು ಕೆನಡಾ ದೇಶದ ಬ್ರಾಕ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದರು. ಪ್ರತಿಯಾಗಿ ಸಸ್ಯವು ಅದಕ್ಕೆ ಸಕ್ಕರೆಯ ಅಂಶವನ್ನು ಕೊಡುತ್ತದೆ. ಬೇರು ತಿಂದ ವೈರಿಯೇ ಬೇರಿಗೆ ಗೊಬ್ಬರವಾದಂತಾಯಿತು. ಆದರೆ ಆ ಪ್ರಯೋಗವು ಹುರುಳಿಕಾಯಿಯ ಗಿಡ ಹಾಗೂ ಹುಲ್ಲಿನ ಮೇಲೆ ನಡೆದುದು, ಕಬ್ಬಿನ ಮೇಲಲ್ಲ. ಆದುದರಿಂದ ಇದನ್ನು ನಂಬಿ ಯಾರೂ ತಿಪ್ಪೆಗೊಬ್ಬರವನ್ನು ಕಡಿಮೆ ಮಾಡಲಾಗದು.

ಇನ್ನು ವೆಚ್ಚದ ಮಾತು. ಪುಡಿಯ ಬೆಲೆಗಿಂತಲೂ ಅದನ್ನು ಬೆರೆಸುವ ಗೊಬ್ಬರ, ಕೂಲಿ, ಕಾಯುವ ದಿನಗಳು ಇವೇ ಭಾರವಾದವು. ವಿಷೌಷಧದಂತೆ ಇದು ಮರುದಿನವೇ ಫಲ ಕೊಡದು, ವಾರಗಳು ಬೇಕು. ಬಿಸಿಲು ತಗಲಿದರೆ ಕಣಗಳು ಸಾಯುವವು. ಒಣ ಮಣ್ಣಿನಲ್ಲಿ ಹಾಕಿದ್ದು ವ್ಯರ್ಥ. ಬಲಿತ ಹುಳು ಬೇಗ ಮಣಿಯದು. ಆದುದರಿಂದ ಮೃಗಶಿರಾ ಆರಿದ್ರಾ ಮಳೆಗಳಲ್ಲಿ, ಹುಳು ಸಣ್ಣದಿರುವಾಗಲೇ, ಚೆನ್ನಾಗಿ ಕೊಳೆತ ತೇವದ ಗೊಬ್ಬರದಲ್ಲಿ ಬೆರೆಸಿ ಸಾಲಿನಲ್ಲಿ ಹಾಕಿ ಮಣ್ಣು ಮುಚ್ಚಬೇಕು. ಬೂಷ್ಟುನಾಶಕ ಔಷಧವನ್ನು ಅದರೊಡನೆ ಕೂಡಿಸಲೇಬಾರದು. ಪೊಟ್ಟಣದ ಮೇಲಿನ ತಾರೀಖನ್ನು ನೋಡದೆ ಕೊಳ್ಳುವವನು ಸತ್ತ ಬೀಜವನ್ನು ಕೊಂಡಂತೆಯೇ ಸರಿ.

ನಿಪ್ಪಾಣಿಯ ಕಡೆಯ ತಂಬಾಕಿನವರಿಗೆ ಪರಿಚಿತವಾದ ಎಲೆ ತಿನ್ನುವ ಕೀಡೆಯು ಸೋಯಾ ಅವರೆಗೂ ಬೀಳುವದಷ್ಟೆ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದಾಗ ಅದು ಎಲೆಗೆ ಕಚ್ಚಿಕೊಂಡೇ ಸತ್ತು, ಮೊದಲು ಬೆಳ್ಳಗಾಗಿ ಬಳಿಕ ತಿಳಿಹಸಿರಾಗುವದು. ಇದೂ ಅದೇ ಕುಲದ ಬೂಷ್ಟು. ಕಾಸಿಲ್ಲದ ಲಾಭವೇನೋ ನಿಜ, ಆದರೆ ಅನೇಕ ವೇಳೆ ಎಲೆಯೆಲ್ಲ ಜಾಳಿಗೆಯಾದ ಮೇಲೆಯೇ ಬರುತ್ತದೆ.

ರೇಷ್ಮೆ ಸಾಕುವವರಿದ್ದ ಊರಿನಲ್ಲಿ ಮಾತ್ರ ಎಚ್ಚರವಿರಬೇಕು. ಇದರ ದಾಯಾದಿಯಾದ ಬಿಳಿಯ ಬೂಷ್ಟೇ ರೇಷ್ಮೆಹುಳದ ಸುಣ್ಣಕಟ್ಟು ರೋಗಕ್ಕೆ ಕಾರಣವೆಂದು ಇಟಲಿಯ ಬಾಸ್ಸಿಯು 1835ರಲ್ಲಿಯೇ ತೋರಿಸಿದನು. ಬೂಷ್ಟಿಗೆ ನಮ್ಮ ಹುಳು, ಪರರ ಹುಳು ಎಂಬ ಭೇದವಿಲ್ಲ. ಹಿಪ್ಪುನೇರಳೆಯ ತೋಟದ ಹತ್ತಿರ ಇಂಥ ಪುಡಿಗಳನ್ನು ಸಿಂಪಡಿಸಲಾಗದು.

ಒಬ್ಬನ ಹೊಲದಲ್ಲಿ ಹಾಕಿ ನೆರೆಯವನು ಬಿಟ್ಟರೆ, ಮುಂದಿನ ಮುಂಗಾರಿಗೆ ದುಂಬಿಗಳು ಅಲ್ಲಿಂದಲೇ ಹಾರಿ ಬರುವವು. ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಬೇವು, ಜಾಲಿಯ ಗಿಡಗಳಿಗೆ ಮುತ್ತುವ ದುಂಬಿಗಳನ್ನು ಅಲುಗಿಸಿ ಕೆಡವಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವ ಕೆಲಸವನ್ನು ಗೌಡರು ಊರೊಟ್ಟಿನಿಂದ ಮಾಡಿಸಬೇಕು; ಗೊಬ್ಬರದಲ್ಲಿ ಬೂಷ್ಟು ಬೆರೆಸುವ ಕೆಲಸ ಆ ಬಳಿಕ.